ಸಹಾಯ ಬೇಕು: ದೋಣಿಗೆ ನೆಗ್ಗು ಬೀಳದ ಹಾಗೆ ಕಟ್ಟುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು, ಚಂದ್ರಗಿರಿ ಹೊಳೆ ಬದಿಯ ಮನೆ. ಮನೆಯವರೆಲ್ಲ ಒಟ್ಟಿಗೆ ಹೋಗಲು ಒಂದು ಪಾಂಟೂನ್ ದೋಣಿ ಇದೆ. ಕೆಳಗೆ ಎರಡು ಅಲ್ಯೂಮಿನಿಯಂ ಕೊಳವೆ, ಮೇಲೆ ಹಲಗೆ ಹಾಸಿ ಸೀಟು. ಕಟ್ಟುವುದು ಮುರಕಲ್ಲಿನ ಕಟ್ಟೆಗೆ. ಅದೇ ತೊಂದರೆ.

ಇಲ್ಲಿ ದಿನಕ್ಕೆ ಎರಡು ಸಲ ಸಮುದ್ರದ ನೀರು ಏರಿ ಇಳಿಯುತ್ತದೆ ಅಲ್ವಾ. ಸಂಜೆ ಸರಿಯಾಗಿ ಕಟ್ಟಿದ ದೋಣಿ ಬೆಳಗ್ಗೆ ನೋಡಿದರೆ ಕಲ್ಲಿನ ಅಂಚಿಗೆ ಉಜ್ಜುತ್ತಿರುತ್ತದೆ. ಎಡಗಡೆ ಕೊಳವೆಯ ಮೂತಿಯಲ್ಲಿ ಅಂಗೈ ಅಗಲದ ನೆಗ್ಗು ಬಿದ್ದಿದೆ. ಬೆಸುಗೆಯ ಗೆರೆಗೆ ಎರಡೇ ಬೆರಳು ದೂರ. ನೀರು ಒಳಗೆ ಹೋಗಿಲ್ಲ. ಆದರೂ ಮಕ್ಕಳನ್ನು ಕೂರಿಸಲು ಹೆದರಿಕೆ ಆಗುತ್ತದೆ.

ಮೊದಲು ಕಟ್ಟೆಗೆ ಹಳೇ ಸ್ಕೂಟರ್ ಟಯರ್ ತೂಗು ಹಾಕಿದೆ. ನೀರು ಇಳಿದಾಗ ದೋಣಿ ಟಯರಿಗಿಂತ ಕೆಳಗೆ ಹೋಗುತ್ತದೆ. ಆಮೇಲೆ ಗಾಳಿ ತುಂಬಿದ ಫೆಂಡರ್ (ದೋಣಿ ಕಟ್ಟೆಗೆ ಗುದ್ದದ ಹಾಗೆ ನಡುವೆ ತೂಗುಬಿಡುವ ಮೆತ್ತೆ) ತಂದು ದೋಣಿಯ ಕಂಬಿಗೆ ಕಟ್ಟಿದೆ. ಬೇರೆ ದೋಣಿ ಹೋದ ಅಲೆಗೆ ಅದು ಹಾರಿ ಹಲಗೆ ಮೇಲೆ ಬಂದು ಕೂರುತ್ತದೆ. ಹಗ್ಗ ಬಿಗಿ ಮಾಡಿದರೆ ಇಳಿತಕ್ಕೆ ದೋಣಿ ಒಂದು ಬದಿಗೆ ವಾಲುತ್ತದೆ, ಸಡಿಲ ಬಿಟ್ಟರೆ ಗುದ್ದುತ್ತದೆ.

ಕುಂಬಳೆ, ನೀಲೇಶ್ವರ ಕಡೆ ದೋಣಿ ಇಟ್ಟವರು ದಯವಿಟ್ಟು ಹೇಳಿ: ಫೆಂಡರನ್ನು ಹಲಗೆಯ ಅಂಚಿಗೆ ಕಟ್ಟುವುದಾ, ಕೊಳವೆಯ ಎತ್ತರಕ್ಕೇ ಇಳಿಸುವುದಾ? ಏರಿಳಿತ ಇರುವಲ್ಲಿ ಹಗ್ಗ ಎಷ್ಟು ಸಡಿಲ ಬಿಡಬೇಕು?