ಪದ ಬೇಕು, ಇವತ್ತೇ: ‘ಆನ್ ಡಿಮ್ಯಾಂಡ್ ಸಿಗ್ನಲಿಂಗ್’

ಶಿವಮೊಗ್ಗದಿಂದ, ಮಧ್ಯಾಹ್ನ 3:10

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಕನ್ನಡ ಪದ ಬೇಕಿತ್ತು, ಟವರು ಬೇಕಾದಾಗ ಮಾತ್ರ ಸಿಗ್ನಲ್ ಬಿಡುವುದಕ್ಕೆ. ನಮ್ಮ ಡಿಪ್ಲೊಮಾ ಹುಡುಗಿಯರು ನಾಳೆಯ ಪ್ರದರ್ಶನಕ್ಕೆ ಎರಡು ಮೊಬೈಲ್ ಟವರಿನ ಮಾದರಿ ಮಾಡಿದ್ದಾರೆ. ಥರ್ಮಾಕೋಲ್ ಗುಡ್ಡ, ಅದರ ಮೇಲೆ ಸೈಕಲ್ ಕಡ್ಡಿ ಕಟ್ಟಿ ನಿಲ್ಲಿಸಿದ ಟವರು, ತುದಿಗೆ ಎಲ್‌ಇಡಿ. ಎಡಗಡೆಯದು ಸುಮ್ನೆ ಮಿಣುಕುತ್ತಲೇ ಇರುತ್ತದೆ. ಬಲಗಡೆಯದು ಆಟಿಕೆ ಫೋನಿನ ಗುಂಡಿ ಒತ್ತಿದರೆ ಮಾತ್ರ ಮಿಣುಕುತ್ತದೆ. ಎರಡಕ್ಕೂ ಒಂದೇ ಥರದ ಬ್ಯಾಟರಿ. ನಿನ್ನೆ ಸಂಜೆಗೆ ಎಡಗಡೆಯದು ಮಂಕಾಗಿತ್ತು, ಬಲಗಡೆಯದು ಇನ್ನೂ ಚುರುಕಾಗಿದೆ.

ಅದರ ಕೆಳಗೆ ಹಾಕಲು ಒಂದು ಸಾಲು ಬೇಕು. ದುರ್ಗಿಗುಡಿಯ ಫ್ಲೆಕ್ಸ್ ಅಂಗಡಿಯವನು ಏಳು ಗಂಟೆಯೊಳಗೆ ಮ್ಯಾಟರ್ ಕೊಡಿ ಅಂದಿದ್ದಾನೆ. ನಾನು ಬರೆದಿದ್ದು: ‘ನಿಸ್ತಂತು ಜಾಲಗಳಲ್ಲಿ ಬೇಡಿಕೆ ಆಧಾರಿತ ಸಂಕೇತನದ ಮೂಲಕ ಶಕ್ತಿ ಉಳಿತಾಯ’. ಓದಿದ ಹುಡುಗಿಯೊಬ್ಬಳು ‘ಮ್ಯಾಮ್, ಟೆಂಡರ್ ನೋಟಿಸ್ ಥರ ಇದೆ’ ಅಂದಳು.

ಸಾಗರದಿಂದ, 3:25

‘ಸಂಕೇತನ’ ಯಾವ ಅಂಗಡಿಯಲ್ಲಿ ಸಿಕ್ಕಿತು? ಬಿಸಾಕಿ. ‘ತಂತಿಯಿಲ್ಲದ ಬಲೆಯಲ್ಲಿ ಬೇಕಾದಾಗಿನ ಸನ್ನೆ’. ಅಚ್ಚ ಕನ್ನಡ. ಮುಗಿಯಿತು.

ತೀರ್ಥಹಳ್ಳಿಯಿಂದ, 3:40

ಎಲ್ಲಿ ಮುಗಿಯಿತು ರಾಯರೇ? ತಂತಿ ಸಂಸ್ಕೃತದ ತಂತ್ರಿ. ಸನ್ನೆ ಸಂಸ್ಕೃತದ ಸಂಜ್ಞೆ. ಅಚ್ಚ ಕನ್ನಡದ ಸಾಲಿನಲ್ಲಿ ಎರಡು ತದ್ಭವ ಕೂತಿವೆ. ಇನ್ನು ಬಲೆ ಅಂದರೆ ನಮ್ಮ ತುಂಗೆಯಲ್ಲಿ ಮೀನು ಹಿಡಿಯೋದು.

‘ಬೇಡಿಕೆ’ಯನ್ನು ಯಾಕೆ ಬಿಡಬೇಕು? ಒಳ್ಳೆ ಪದ. ಬೇಡು ಮತ್ತು ಬೇಡ, ಎರಡರ ಬೇರೂ ಒಂದೇ. ತಮಿಳಿನ ವೇಂಡು, ವೇಂಡಾಂ ನೋಡಿ. ಬೇಕು ಅನ್ನೋದೂ ಬೇಡ ಅನ್ನೋದೂ ಒಂದೇ ಬೇರಿನಿಂದ ಹುಟ್ಟಿದ ಇನ್ನೊಂದು...

ಸಾಗರದಿಂದ, 3:48

ಜಾಲ ಅಂದರೂ ಬಲೆಯೇ. ಸಂಸ್ಕೃತದ ಬಲೆಗೆ ಬೇರೆ ಮೀನು ಬೀಳುತ್ತದೆಯೇ?

ಬೆಂಗಳೂರಿನಿಂದ (ಊರು ಹೊಸನಗರ), 4:05

ಇದು ನನ್ನ ದಿನದ ಕೆಲಸ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಪದಕ್ಕಿಂತ ಮೊದಲು ಅಲ್ಲಿ ಆಗೋದೇನು ಅಂತ ನೋಡೋಣ.

4ಜಿ ಟವರು ಯಾರಿದ್ದರೂ ಇಲ್ಲದಿದ್ದರೂ ಪ್ರತಿ ಮಿಲಿಸೆಕೆಂಡಿಗೂ ಗುರುತಿನ ಸಿಗ್ನಲ್ ಬಿಡುತ್ತಲೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಊರೆಲ್ಲ ಮಲಗಿದ್ದರೂ ಅದಕ್ಕೆ ನಿದ್ದೆಯಿಲ್ಲ. 5ಜಿಯಲ್ಲಿ ಇದನ್ನು ತೆಳು ಮಾಡಿದರು. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ, ಬೇಕಿದ್ದರೆ 160ರವರೆಗೂ ಎಳೆಯಬಹುದು. ನಡುವಿನ ಬಿಡುವಿನಲ್ಲಿ ಸಿಗ್ನಲ್ಲಿಗೆ ಬಲ ತುಂಬುವ ಆಂಪ್ಲಿಫೈಯರ್ ಒಂದು ಕೋಳಿನಿದ್ದೆ ಮಾಡುತ್ತದೆ. ಕರೆಂಟ್ ಜಾಸ್ತಿ ತಿನ್ನೋದು ಆ ರೇಡಿಯೋ ಭಾಗವೇ, ಹಾಗಾಗಿ ಉಳಿಯೋದೂ ಅಲ್ಲೇ.

ಮೊಬೈಲ್ ಜಾಲಗಳ ನಿಯಮ ಬರೆಯುವ ತ್ರೀಜಿಪಿಪಿಯವರು ಆ ನಿಯಮಗಳ 19ನೇ ಕಂತಿನಲ್ಲಿ (ರಿಲೀಸ್ 19) ಇನ್ನೊಂದು ಹೆಜ್ಜೆ ಇಟ್ಟಿದ್ದಾರೆ. ಟವರಿಗೆ ಸೇರಿಕೊಳ್ಳಲು ಫೋನಿಗೆ ಮೊದಲು ಬೇಕಾಗುವ ವಿವರವಿದೆಯಲ್ಲ, ಎಸ್‌ಐಬಿ1, ಅದನ್ನು ಯಾವಾಗಲೂ ಸಾರುತ್ತ ಕೂರಬೇಕಾಗಿಲ್ಲ. ಫೋನು ಒಂದು ಪುಟ್ಟ ಸಿಗ್ನಲ್ ಕಳಿಸಿ ಎಬ್ಬಿಸಿದರೆ ಆಗ ಕೊಟ್ಟರಾಯಿತು. ಹೇಗೆ ಎಬ್ಬಿಸಬೇಕು ಅಂತ ಪಕ್ಕದ ಸೆಲ್, ಅಂದರೆ ಎಚ್ಚರವಿರುವ ಇನ್ನೊಂದು ಸಿಗ್ನಲ್ ವಲಯ, ಮೊದಲೇ ಹೇಳಿಕೊಟ್ಟಿರುತ್ತದೆ.

ಆದ್ದರಿಂದ ‘ಬೇಕಾದಾಗಿನ’ ಸರಿಯಿಲ್ಲ. ಯಾರಿಗೆ ಬೇಕಾದಾಗ? ಫೋನು ಕೇಳಬೇಕು, ಅದೇ ಇಲ್ಲಿ ಮುಖ್ಯ. ‘ಬೇಡಿಕೆ’ಯೂ ಬೇಡ. ಅಡಿಕೆಗೆ ಬೇಡಿಕೆ, ನೌಕರರ ಬೇಡಿಕೆ, ಕೇಳಿದವರ ತಲೆ ಅಲ್ಲಿಗೇ ಹೋಗುತ್ತದೆ. ಸಿಗ್ನಲ್ ಅನ್ನು ಸಿಗ್ನಲ್ ಅಂತಲೇ ಬಿಡಿ. ಹಿತ್ತಲಿನ ಹಲಸಿನ ಮರದ ಕೆಳಗೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತೆ ಅಂತ ನಮ್ಮಜ್ಜಿ ಹೇಳುತ್ತಾರೆ. ಅವರ ಬಾಯಲ್ಲಿ ಸಂಕೇತವೂ ಬಂದಿಲ್ಲ, ಸನ್ನೆಯೂ ಬಂದಿಲ್ಲ.

ಆಗುಂಬೆ ಕಡೆಯಿಂದ, 4:30

ನಮ್ಮಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ ದೂರ. ಗದ್ದೆಯಾಚೆ ನಿಂತು ‘ಕೂ...’ ಅಂತ ಕೂಗು ಹಾಕುತ್ತೇವೆ, ಈಚೆಯವರು ‘ಓ...’ ಅನ್ನುತ್ತಾರೆ. ಆಮೇಲೆ ಮಾತು. ಯಾರೂ ಕರೆಯದೆ ಇಡೀ ದಿನ ಅಂಗಳದಲ್ಲಿ ನಿಂತು ‘ಓ’ ಅನ್ನುವವನಿಗೆ ತಲೆ ಸರಿಯಿಲ್ಲ ಅಂತೇವೆ. ನೀವು ಹೇಳಿದ 4ಜಿ ಅದೇ ಅಲ್ವಾ ಮಾರಾಯ್ರೆ?

ಓಗೊಡು. ಪದ ಇದೆಯಲ್ಲ! ‘ಕರೆದರೆ ಓಗೊಡುವ ಸಿಗ್ನಲ್’.

ಕಳೆದ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಮೊದಲ ದಿನ ಸಂಜೆಗೇ ನಮ್ಮ ಟವರಿನ ಬ್ಯಾಟರಿ ಕೈಕೊಟ್ಟಿತು. ಡೀಸೆಲ್ ತರಲು ಯಾರೂ ಬರಲಿಲ್ಲ. ಫೋನು ಟವರು ಹುಡುಕಿ ಹುಡುಕಿ ಅದರ ಚಾರ್ಜೂ ಖಾಲಿ. ಕಂಪನಿ ಯಾವುದು ಅಂತ ಕೇಳಬೇಡಿ.

ತೀರ್ಥಹಳ್ಳಿಯಿಂದ, 4:42

ಭೇಷ್. ಓ + ಕೊಡು, ಆದೇಶಸಂಧಿ. ಆದರೆ ‘ಓಗೊಡುವ ಸಿಗ್ನಲ್’ ಅರ್ಥದಲ್ಲಿ ಕುಂಟುತ್ತದೆ. ಓಗೊಡುವುದು ಟವರು, ಸಿಗ್ನಲ್ ಅಲ್ಲ. ಸಿಗ್ನಲ್ಲೇ ಆ ‘ಓ’.

ಸಾಗರದಿಂದ, 4:50

ಓಗೊಡು ಒಪ್ಪಿದೆ. ಸಿಗ್ನಲ್ ಒಪ್ಪುವುದಿಲ್ಲ. ಇವತ್ತು ಸಿಗ್ನಲ್, ನಾಳೆ ನೆಟ್‌ವರ್ಕ್, ನಾಡಿದ್ದು ಕ್ರಿಯಾಪದ ಮಾತ್ರ ಕನ್ನಡ. ಪದ ಕಟ್ಟಲು ಸೋಮಾರಿತನ, ಅದಕ್ಕೆ ‘ಜನರ ಬಾಯಿ’ ಅಂತ ನೆಪ.

ತೀರ್ಥಹಳ್ಳಿಯಿಂದ, 5:02

ಕಟ್ಟಿದ್ದೆಲ್ಲ ನಿಲ್ಲುವುದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ನಡೆಸಿದ ರೇಡಿಯೋ ಕೇಂದ್ರಕ್ಕೆ ‘ಆಕಾಶವಾಣಿ’ ಅಂತ ಹೆಸರಾಯಿತು. ಪೂರ್ತಿ ಸಂಸ್ಕೃತ. ಆಮೇಲೆ ಇಡೀ ದೇಶವೇ ಅದನ್ನು ಎತ್ತಿಕೊಂಡಿತು. ನಿಮ್ಮ ‘ಬಾನುಲಿ’ ಚೆಂದವೇ, ಆದರೆ ಭದ್ರಾವತಿ ಕೇಂದ್ರ ಹಚ್ಚಿ ನೋಡಿ, ಏನು ಕೇಳುತ್ತದೆ?

ಸಾಗರದಿಂದ, 5:06

ಸರಕಾರದವರು ಹಚ್ಚಿದ ಬೋರ್ಡನ್ನು ಜನ ಒಪ್ಪಿದ್ದು ಅನ್ನಬೇಡಿ.

ಬೆಂಗಳೂರಿನಿಂದ, 5:15

ಸಾರ್, ಮನೆಯಲ್ಲಿ ನಾವು ಅನ್ನೋದು ಆಕಾಶವಾಣಿಯೂ ಅಲ್ಲ, ಬಾನುಲಿಯೂ ಅಲ್ಲ. ರೇಡಿಯೋ. ಮೇಡಮ್ಮಿಗೆ ಏಳು ಗಂಟೆಗೆ ಅಂಗಡಿ ಬಾಗಿಲು ಹಾಕುತ್ತಾರೆ, ಅದು ನೆನಪಿರಲಿ.

ಶಿವಮೊಗ್ಗದಿಂದ, ಸಂಜೆ 7:20

ಕೊಟ್ಟು ಬಂದೆ. ‘ಕರೆದರೆ ಓಗೊಡುವ ಟವರು, ಕರೆಂಟ್ ಉಳಿಸುವ ಟವರು’. ಸಿಗ್ನಲ್ಲೂ ಇಲ್ಲ, ಸನ್ನೆಯೂ ಇಲ್ಲ, ಇಬ್ಬರೂ ಬೈಯುವಂತಿಲ್ಲ. ಜಾಲವನ್ನೂ ಕಿತ್ತೆ, ಮೂರಡಿ ಫ್ಲೆಕ್ಸಿನಲ್ಲಿ ಜಾಗ ಇರಲಿಲ್ಲ. ಅಂಗಡಿ ಹುಡುಗನಿಗೆ ‘ಓಗೊಡುವ’ ಗೊತ್ತಿಲ್ಲ. ಮೇಡಂ ತಪ್ಪು ಟೈಪ್ ಮಾಡಿದ್ದಾರೆ ಅಂತ ಅವನೇ ತಿದ್ದಿ ‘ಕರೆದರೆ ಹೋಗಿಬಿಡುವ ಟವರು’ ಅಂತ ಮಾಡಿದ್ದ. ಪ್ರೂಫ್ ನೋಡಿದ್ದಕ್ಕೆ ಬಚಾವು.

ಸಾಗರದಿಂದ, 7:31

ಟವರು?

ಆಗುಂಬೆ ಕಡೆಯಿಂದ, 7:40

ಆ ಹುಡುಗ ತಿದ್ದಿದ್ದು ಇಟ್ಟುಕೊಂಡಿದ್ದರೆ ಕಳಿಸಿ ಮೇಡಂ. ನಮ್ಮೂರಿನದಕ್ಕೆ ಕಟ್ಟುತ್ತೇವೆ.