ವಿಂಡೋಸ್ 7 ಬಿಡಂಗಿಲ್ಲ, ಕ್ರೋಮ್ ಅಪ್ಡೇಟ್ ಆಗ್ತಿಲ್ಲ: ನೀವೆಲ್ಲಾ ಏನ್ ಮಾಡಿದ್ರಿ, ಅನುಭವ ಹೇಳ್ರಿ

ಚಳ್ಳಕೆರೆಯಿಂದ, ಪ್ರಶ್ನೆ

ಎಲ್ರಿಗೂ ನಮಸ್ಕಾರ. ಚಳ್ಳಕೆರೆನಲ್ಲಿ ಚಿಕ್ಕದೊಂದು ಡಿಟಿಪಿ ಅಂಗಡಿ ಇಟ್ಕೊಂಡಿದೀನಿ, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು ಇಂಥವೇ ಕೆಲಸ. ಸಿಸ್ಟಮ್ಮು ವಿಂಡೋಸ್ 7, 32 ಬಿಟ್ಟು, ಕೋರ್ 2 ಡ್ಯುಯೋ, 2 ಜಿಬಿ ರ್‍ಯಾಮು. ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡೋ ನುಡಿ, ಹದಿನೈದು ವರ್ಷದ ಫೈಲು ಎಲ್ಲಾ ಅದ್ರಾಗೇ ಐತೆ, ಇನ್ನೊಂದು ಕನ್ನಡ ಸಾಫ್ಟ್‌ವೇರಿನ ಡಾಂಗಲ್ಲು (ಅದಿಲ್ದೆ ಸಾಫ್ಟ್‌ವೇರ್ ಓಡಲ್ಲ, ಬೀಗದ ಕೀ ಇದ್ದಂಗೆ) ಹಿಂದುಗಡೆ ಪ್ರಿಂಟರ್ ಪೋರ್ಟಿಗೆ ಸಿಗಿಸಿದೀವಿ, ಹೊಸ ಸಿಸ್ಟಮ್ಮಿಗೆ ಆ ಪೋರ್ಟೇ ಇರಲ್ಲ, ಹಂಗಾಗಿ ವಿಂಡೋಸ್ ಬದಲಾಯ್ಸೋ ಮಾತೇ ಇಲ್ಲ. ಈಗ ಗಿರಾಕಿಗಳೆಲ್ಲಾ ಮ್ಯಾಟರು ವಾಟ್ಸಾಪಲ್ಲೇ ಕಳಿಸ್ತಾರೆ, ಅದು ಯುನಿಕೋಡು, ಅಂದ್ರೆ ಈಗ ಫೋನಲ್ಲೆಲ್ಲಾ ಬರೋ ಕನ್ನಡದ ಕೋಡು, ಪೇಜ್‌ಮೇಕರ್‌ಗೆ ಯುನಿಕೋಡು ಬರಲ್ಲ, ಆನ್‌ಲೈನಲ್ಲಿ ನುಡಿಗೆ ಕನ್ವರ್ಟ್ ಮಾಡಿ ಹಾಕ್ಬೇಕು. ಎರಡಕ್ಕೂ ನೆಟ್ ಬೇಕು. ಕ್ರೋಮು 109ರಲ್ಲೇ ನಿಂತೈತೆ, ಮೇಲೊಂದು ಪಟ್ಟಿ ಬಂದು ವಿಂಡೋಸ್ 10 ಬೇಕು ಅಂತದೆ. ಕೆಲವು ಸೈಟು ಬರೀ ಬಿಳೀ ಹಾಳೆ ಬರ್ತವೆ, ಕೆಲವಕ್ಕೆ ಬಟನ್ ಒತ್ತಿದ್ರೆ ಏನೂ ಆಗಲ್ಲ, ಒಂದೊಂದ್ ದಿನ ಬೆಳಗ್ಗೆ ಯಾವ ಸೈಟ್ ತೆಗೆದ್ರೂ ಸುರಕ್ಷಿತ ಅಲ್ಲ ಅಂತ ಬರ್ತದೆ. ಇದೇ ಪಾಡು ಪಟ್ಟವ್ರು ಯಾರಾದ್ರೂ ಇದ್ರೆ ಏನ್ ಮಾಡಿದ್ರಿ ಹೇಳ್ರಪ್ಪ.

ದಾವಣಗೆರೆಯಿಂದ

ಅಣ್ಣಾರೆ, ನಿಮ್ದೇ ಪರಿಸ್ಥಿತಿ ನಮ್ದೂ. ಅಶೋಕ ರೋಡಿನ ಹತ್ರ ನಮ್ಮ ಪ್ರೆಸ್ಸು, ತಂದೆಯವ್ರ ಕಾಲದ್ದು. ಡಾಂಗಲ್ ಅಂದ್ರಲ್ಲ, ಅದನ್ನ ಓದಿದ ಕೂಡ್ಲೆ ಎದ್ದು ಹೋಗಿ ನಮ್ದನ್ನ ನೋಡ್ಕೊಂಡ್ ಬಂದೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಎರಡು ಕಡೆ ಸ್ಕ್ರೂ, ಅದ್ರಲ್ಲಿ ಒಂದು ಸ್ಕ್ರೂ ಎಂದೋ ಕಳೆದುಹೋಗಿ ರಬ್ಬರ್ ಬ್ಯಾಂಡ್ ಸುತ್ತಿದೀವಿ, ಕಸ ಗುಡಿಸುವಾಗ ಕೇಬಲ್ ಅಲುಗಾಡಿದ್ರೂ ಕನ್ನಡ ಟೈಪ್ ಆಗೋದು ನಿಂತು ಬಿಡ್ತೈತೆ. ಹಂಗಾಗಿ ಆ ಸಿಸ್ಟಮ್ಮನ್ನ ಎಸೀರಿ ಅಂತ ಹೇಳೋವ್ರ ಮಾತು ನಾನು ಕೇಳಲ್ಲ, ನೀವೂ ಕೇಳ್ಬೇಡ್ರಿ, ಆದ್ರೆ ಹೆಂಗಿತ್ತೋ ಹಂಗೇ ಬಿಟ್ಕೊಂಡೂ ಕೂಡ್ಬೇಡ್ರಿ.

ಮೊದ್ಲು ಯಾಕೆ ಹಿಂಗಾಗೈತೆ ಹೇಳ್ತೀನಿ. ವಿಂಡೋಸ್ 7ಗೆ ಮೈಕ್ರೋಸಾಫ್ಟ್‌ನೋರ ಸಪೋರ್ಟು 2020ರ ಜನವರಿ 14ಕ್ಕೆ ಮುಗೀತು. ದುಡ್ಡು ಕೊಟ್ಟ ಕಂಪನಿಗಳಿಗೆ ಮಾತ್ರ ಇನ್ನೊಂದು ಮೂರು ವರ್ಷ ಸೆಕ್ಯುರಿಟಿ ಅಪ್ಡೇಟ್ ಕೊಟ್ರು, ಅದೂ 2023ರ ಜನವರಿಗೆ ನಿಂತ್ತು. ಅದರ ಬೆನ್ನಿಗೇ ಫೆಬ್ರವರಿಯಲ್ಲಿ ಕ್ರೋಮ್ 110 ಬಂತಲ್ಲ, ಅದಕ್ಕೆ ವಿಂಡೋಸ್ 10 ಬೇಕೇ ಬೇಕು. ನಿಮ್ಮ 109 ನಿಂತಿದ್ದು ಅಲ್ಲೇ. ಸೈಟ್ ಮಾಡೋವ್ರು ಮಾತ್ರ ನಿಂತಿಲ್ಲ ನೋಡ್ರಿ, ಅವ್ರು ದಿನಾ ಹೊಸ ಥರ ಕೋಡ್ ಬರೀತಾರೆ, ಹಳೇ ಬ್ರೌಸರ್‌ಗೆ ಅದು ಅರ್ಥ ಆಗಲ್ಲ, ಬಿಳೀ ಹಾಳೆ ಬರೋದೂ ಬಟನ್ ಸತ್ತಂಗಿರೋದೂ ಅದಕ್ಕೇ.

ನಾವು ಹಾಕ್ಕೊಂಡಿರೋದು ಫೈರ್‌ಫಾಕ್ಸ್ 115 ಇಎಸ್ಆರ್, ಅಂದ್ರೆ ಹೆಚ್ಚು ಕಾಲ ಸಪೋರ್ಟ್ ಇರೋ ಆವೃತ್ತಿ. 2023ರ ಜುಲೈನಲ್ಲಿ ಬಂದಿದ್ದು, ವಿಂಡೋಸ್ 7ಕ್ಕೂ 8ಕ್ಕೂ ಮೊಜಿಲ್ಲಾದೋರ ಕೊನೇ ಆವೃತ್ತಿ ಅದೇ. ಇದ್ರಾಗೆ ಹೊಸ ಸೌಲಭ್ಯ ಏನೂ ಬರಲ್ಲ, ಸೆಕ್ಯುರಿಟಿ ತೂತು ಮುಚ್ಚೋ ಅಪ್ಡೇಟ್ ಮಾತ್ರ ಬರ್ತಾವೆ. ಮೊದ್ಲು 2024ರ ಸೆಪ್ಟೆಂಬರ್‌ಗೆ ನಿಲ್ಲಿಸ್ತೀವಿ ಅಂದ್ರು, ಆಮೇಲೆ 2025ರ ಮಾರ್ಚ್ ಅಂದ್ರು, ಆಮೇಲೆ ಸೆಪ್ಟೆಂಬರ್, ಆಮೇಲೆ 2026ರ ಮಾರ್ಚ್, ಹಿಂಗೇ ಮುಂದಕ್ಕೆ ಹಾಕ್ತಾ ಬಂದ್ರು, ಹಳೇ ವಿಂಡೋಸ್ ಇಟ್ಕೊಂಡ ಜನ ಇನ್ನೂ ಭಾಳ ಇದಾರೆ ಅಂತ. ಅವ್ರಿಗೆ ಕೈ ಮುಗೀಬೇಕು. ಆದ್ರೆ ಎಂದೋ ಒಂದಿನ ನಿಂತೇ ನಿಲ್ತದೆ, ಅದನ್ನ ತಲೇಲಿ ಇಟ್ಕೊಂಡೇ ಹಾಕ್ಕೊಳ್ರಿ.

ಹಾಕೋಕೆ ಮುಂಚೆ ಸರ್ವಿಸ್ ಪ್ಯಾಕ್ 1 ಐತಾ ನೋಡ್ರಿ, ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದ್ರೆ ಕಾಣ್ತದೆ. ಆಮೇಲೆ ಮೈಕ್ರೋಸಾಫ್ಟ್ ಅಪ್ಡೇಟ್ ಕ್ಯಾಟಲಾಗಿಂದ ಕೆಬಿ4490628, ಕೆಬಿ4474419 ಈ ಎರಡು ಅಪ್ಡೇಟನ್ನ ಇದೇ ಸಾಲಲ್ಲಿ ಹಾಕ್ರಿ. ಈಗಿನ ಫೈಲುಗಳಿಗೆ ಶಾ-2 ಅನ್ನೋ ಹೊಸ ಥರದ ಸಹಿ ಇರ್ತದೆ, ಇವೆರಡು ಇಲ್ದಿದ್ರೆ ವಿಂಡೋಸ್ 7ಗೆ ಆ ಸಹಿ ಗುರುತು ಹತ್ತಲ್ಲ, ವಿಂಡೋಸ್ ಅಪ್ಡೇಟ್ ಕೂಡ ಆಗಲ್ಲ. ನಾನು ಇದನ್ನ ಗೊತ್ತಿಲ್ದೆ ಎರಡು ದಿನ ಒದ್ದಾಡಿದೀನಿ.

ಫೈರ್‌ಫಾಕ್ಸ್ ಹಾಕಿದ್ಮೇಲೆ ಹೆಲ್ಪಿಗೆ ಹೋಗಿ ಅಬೌಟ್ ತೆಗೆದು ನಂಬರ್ ನೋಡ್ರಿ, 115 ಆದ್ಮೇಲೆ ಚುಕ್ಕಿ ಹಾಕಿ ಇನ್ನೊಂದು ನಂಬರ್ ಇರ್ತದೆ. ಅದು 13ಕ್ಕಿಂತ ಕಮ್ಮಿ ಇದ್ರೆ ತಕ್ಷಣ ಅಪ್ಡೇಟ್ ಮಾಡ್ರಿ, ಯಾಕಂದ್ರೆ 2025ರ ಮಾರ್ಚ್ 14ಕ್ಕೆ ಫೈರ್‌ಫಾಕ್ಸ್ ಒಳಗಿನ ಒಂದು ರೂಟ್ ಸರ್ಟಿಫಿಕೇಟ್ (ಅಸಲಿ ಹೌದಾ ಅಂತ ಗುರುತು ಹಿಡಿಯೋ ಮೂಲ ಪತ್ರ) ಅವಧಿ ಮುಗೀತು, ಅದಕ್ಕಿಂತ ಹಳೇದ್ರಲ್ಲಿ ಆಡ್-ಆನ್, ಅಂದ್ರೆ ಬ್ರೌಸರ್‌ಗೆ ಸೇರಿಸ್ಕೊಳ್ಳೋ ಚಿಕ್ಕ ಸಾಫ್ಟ್‌ವೇರು, ಕೆಲಸ ಮಾಡಲ್ಲ. ಆಡ್-ಆನ್ ಯಾಕ್ ಬೇಕು ಅಂದ್ರೆ ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಹಾಕ್ಲೇಬೇಕು, 2 ಜಿಬಿ ರ್‍ಯಾಮಲ್ಲಿ ಜಾಹೀರಾತು ಲೋಡ್ ಆಗ್ದೇ ಇದ್ರೇ ಅರ್ಧ ಭಾರ ಇಳೀತದೆ. ಪೇಜ್‌ಮೇಕರ್ ತೆಗೆದಿದ್ದಾಗ ವಾಟ್ಸಾಪ್ ಒಂದು ಟ್ಯಾಬು, ಕನ್ವರ್ಟರ್ ಒಂದು ಟ್ಯಾಬು, ಅಷ್ಟೇ. ಮೂರನೇದು ತೆಗೀಬೇಡ್ರಿ.

ಒಂದು ಮಾತ್ರ ಕಿವಿಗೆ ಹಾಕ್ಕೊಳ್ರಿ. ವಿಂಡೋಸ್ 7ಕ್ಕೆ ಲೇಟೆಸ್ಟ್ ಕ್ರೋಮ್ ಅಂತ ಹುಡುಕಿದ್ರೆ ಹತ್ತಾರು ಸೈಟು ಬರ್ತಾವೆ, ಒಂದನ್ನೂ ಮುಟ್ಬೇಡ್ರಿ. ನಮ್ಮ ಅಣ್ಣನ ಮಗ ಅಂಥ ಒಂದು ಸೈಟಿಂದ ಇಳಿಸಿ ಹಾಕಿದ್ದ, ಅವತ್ ಸಂಜೆಯಿಂದ ಬಲಗಡೆ ಮೂಲೇಲಿ ಜಾಹೀರಾತು ಎದ್ದೆದ್ದು ಬರೋಕೆ ಶುರು, ಮಾರನೇ ದಿನಕ್ಕೆ ಸಿಸ್ಟಮ್ ಆನ್ ಆಗೋಕೇ ಕಾಲು ಗಂಟೆ. ವೈಶಾಖದ ಲಗ್ನದ ಸೀಸನ್ನು, ಟೇಬಲ್ ಮೇಲೆ ಇಪ್ಪತ್ತಮೂರು ಕಾರ್ಡಿನ ಆರ್ಡರ್ ಕೂತಿದ್ವು, ಫಾರ್ಮ್ಯಾಟ್ ಹೊಡೆದು ಎಲ್ಲಾ ಮತ್ತೆ ಹಾಕೋಕೆ ಮೂರು ದಿನ ಹೋತು, ಎರಡು ಮನೆಯವ್ರು ಬಂದು ಅಡ್ವಾನ್ಸ್ ವಾಪಸ್ ಇಸ್ಕೊಂಡು ಹೋದ್ರು. ಆ ನೋವು ಇನ್ನೂ ಐತೆ ನನಗೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಚಿತ್ರದುರ್ಗದಿಂದ

ಮೇಲಿನವ್ರು ಸರಿಯಾಗೇ ಹೇಳಿದಾರೆ. ನಾನು ದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತೀನಿ, ನಂದೊಂದು ಮಾತು. ಬೆಳಗ್ಗೆ ಬೆಳಗ್ಗೆ ಎಲ್ಲಾ ಸೈಟೂ ಸುರಕ್ಷಿತ ಅಲ್ಲ ಅಂತದೆ ಅಂದ್ರಲ್ಲ ಸಾರ್, ಅದು ಬ್ರೌಸರ್ ತಪ್ಪಲ್ಲ. ಕೆಳಗೆ ಬಲಗಡೆ ಗಡಿಯಾರ ನೋಡಿ, ತಾರೀಕು ಯಾವುದೋ ಹಳೇ ವರ್ಷಕ್ಕೆ ಹೋಗಿರ್ತದೆ. ಮದರ್‌ಬೋರ್ಡ್ ಮೇಲಿರೋ ಬಟನ್ ಸೆಲ್ಲು ಸತ್ತಿದೆ, ರಾತ್ರಿ ಮೇನ್ ಸ್ವಿಚ್ ತೆಗೆದ್ರೆ ಟೈಮ್ ಮರೆತು ಬಿಡ್ತದೆ. ಪ್ರತೀ ಸೈಟಿನ ಸರ್ಟಿಫಿಕೇಟಿಗೂ ಇಂಥಾ ದಿನದಿಂದ ಇಂಥಾ ದಿನದವರೆಗೆ ಅಂತ ಇರ್ತದೆ, ನಿಮ್ಮ ಸಿಸ್ಟಮ್ಮು ಇನ್ನೂ 2009ರಲ್ಲೇ ಇದ್ರೆ ಅದರ ಲೆಕ್ಕಕ್ಕೆ ಯಾವ ಸರ್ಟಿಫಿಕೇಟೂ ಹುಟ್ಟೇ ಇಲ್ಲ. ಸಿಆರ್2032 ಅಂತ ಕೇಳಿ, ವಾಚ್ ರಿಪೇರಿ ಅಂಗಡೀಲೂ ಸಿಗ್ತದೆ. ಪವರ್ ಕಾರ್ಡ್ ಕಿತ್ತು, ಪಕ್ಕದ ಚಿಕ್ಕ ಕ್ಲಿಪ್ಪನ್ನ ಉಗುರಲ್ಲಿ ಸರಿಸಿದ್ರೆ ಹಳೇದು ಎದ್ದು ಬರ್ತದೆ, ಪ್ಲಸ್ ಗುರುತು ಮೇಲೆ ಮಾಡಿ ಹೊಸದು ಕೂರಿಸಿ. ಆಮೇಲೆ ತಾರೀಕು ಒಂದ್ಸಲ ಸರಿ ಮಾಡಿದ್ರೆ ಆಯ್ತು. ವಿಂಡೋಸ್ ಹಳೇದಾಯ್ತು ಅಂತ ನನ್ನ ಹತ್ರ ಸಿಸ್ಟಮ್ ಹೊತ್ಕೊಂಡು ಬಂದವ್ರಲ್ಲಿ ಎಷ್ಟೋ ಜನಕ್ಕೆ ಈ ಸೆಲ್ ಒಂದೇ ಹಾಕಿ ವಾಪಸ್ ಕಳಿಸಿದೀನಿ.

ಕೈಯಲ್ಲಿ ಸ್ವಲ್ಪ ದುಡ್ಡಿದ್ರೆ ಜೋರಾಗಿ ಓಡೋ ಹೊಸ ಥರದ ಡಿಸ್ಕು, ಅಂದ್ರೆ ಎಸ್ಎಸ್‌ಡಿ ಹಾಕ್ಸಿ, 120 ಜಿಬಿದೇ ಸಾಕು. ಮೊದ್ಲು ಹಳೇ ಡಿಸ್ಕನ್ನ ಪೂರ್ತಿ ಕ್ಲೋನ್ ಮಾಡಿಸ್ಕೊಂಡು ಹಳೇದನ್ನ ಬೀರುನಲ್ಲಿ ಎತ್ತಿಡಿ, ಹದಿನೈದು ವರ್ಷದ ಫೈಲು ಅಂದ್ರೆ ಆಟ ಅಲ್ಲ.

ಹೊಳಲ್ಕೆರೆಯಿಂದ

ನಮ್ದು ಇನ್ನೂ ಹಳೇ ಕಥೆ, ವೇಬ್ರಿಡ್ಜಿನ ಸಿಸ್ಟಮ್ಮು, ವಿಂಡೋಸ್ ಎಕ್ಸ್‌ಪಿ. ಅಡಿಕೆ, ಮೆಕ್ಕೆಜೋಳದ ಲಾರಿ ತೂಗೋದು, ತೂಕದ ಮಿಷನ್ನು ಸೀರಿಯಲ್ ಪೋರ್ಟಿಗೆ ಹಾಕಿರೋದು. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಮುಗಿದೋಯ್ತು, ಕ್ರೋಮ್ 49ಕ್ಕೆ ನಿಂತ್ತು, ಫೈರ್‌ಫಾಕ್ಸ್ 52ಕ್ಕೆ. 2021ರ ಸೆಪ್ಟೆಂಬರ್ 30ಕ್ಕೆ ಒಂದು ಹಳೇ ರೂಟ್ ಸರ್ಟಿಫಿಕೇಟ್ ಅವಧಿ ಮುಗೀತು, ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ (ಅದು ಸರ್ಟಿಫಿಕೇಟ್ ಕೊಡೋ ಸಂಸ್ಥೆ) ಇಟ್ಕೊಂಡಿರೋ ಸೈಟುಗಳೆಲ್ಲಾ ಹಳೇ ಸಿಸ್ಟಮ್ಮಲ್ಲಿ ಎರರ್ ಕೊಡೋಕೆ ಶುರುವಾದ್ವು. ಸ್ಲಿಪ್ಪನ್ನ ಮೇಲ್ ಮಾಡ್ಬೇಕಿತ್ತು, ಜೀಮೇಲೇ ತೆಗೀತಿರ್ಲಿಲ್ಲ. ಮೈಪಾಲ್ ಅನ್ನೋ ಬ್ರೌಸರ್ ಹಾಕಿ ನೋಡಿದ್ವಿ, ಅದು ಫೈರ್‌ಫಾಕ್ಸ್ 68ರಿಂದ ಮಾಡಿರೋದು, ಕೆಲವು ಸೈಟ್ ಬಂದ್ವು. ಆಮೇಲೆ ಸೂಪರ್‌ಮಿಯಂ. ಅದು ಹೊಸ ಕ್ರೋಮಿಯಂನೇ (ಕ್ರೋಮಿನ ಮೂಲ ಕೋಡು) ಎಕ್ಸ್‌ಪಿ, ವಿಸ್ಟಾ, 7ರ ಮೇಲೆ ಓಡೋ ಹಂಗೆ ತಿದ್ದಿರೋದು, ಗಿಟ್‌ಹಬ್ಬಲ್ಲಿ ಸಿಗುತ್ತೆ, 32 ಬಿಟ್ಟಿಗೂ ಐತೆ. ಎಕ್ಸ್‌ಪಿ ಆದ್ರೆ ಸರ್ವಿಸ್ ಪ್ಯಾಕ್ 3 ಇರ್ಬೇಕು. ನಿಜವಾಗ್ಲೂ ಸೈಟೆಲ್ಲಾ ಹೊಸ ಸಿಸ್ಟಮ್ಮಲ್ಲಿ ಬಂದಂಗೆ ಬಂದ್ವು, ನಾನು ಕುರ್ಚಿಯಿಂದ ಎದ್ದು ನಿಂತು ನೋಡ್ದೆ. ಆದ್ರೆ 1 ಜಿಬಿ ರ್‍ಯಾಮಲ್ಲಿ ಅದು ಎಳೀತಾ ಇರುತ್ತೆ, ಲಾರಿ ನಿಂತಿದ್ದಾಗ ತೂಕ ಸ್ಕ್ರೀನ್ ಮೇಲೆ ಬರೋದೇ ತಡ ಆಯ್ತು. ಕೊನೆಗೆ ನಾವು ಆ ಸಿಸ್ಟಮ್ಮಿಂದ ನೆಟ್ ಕೇಬಲ್ಲೇ ಕಿತ್ತಿದ್ವಿ. ಸ್ಲಿಪ್ಪಿನ ಫೋಟೋ ಮೊಬೈಲಲ್ಲಿ ಹೊಡೆದು ಕಳಿಸ್ತೀವಿ, ನೆಮ್ಮದಿ ಐತೆ. ನಿಮ್ದು 7 ಆಗಿರೋದ್ರಿಂದ ಸೂಪರ್‌ಮಿಯಂ ಚೆನ್ನಾಗೇ ಓಡುತ್ತೆ, ರ್‍ಯಾಮ್ ಮಾತ್ರ ಇನ್ನೊಂದು 2 ಜಿಬಿ ಹಾಕ್ಸಿ.

ದಾವಣಗೆರೆಯಿಂದ, ಮತ್ತೆ

ಹೌದ್ರಿ, ಸೂಪರ್‌ಮಿಯಂ ನಮ್ಮಲ್ಲೂ ಐತಿ, ಫೈರ್‌ಫಾಕ್ಸಲ್ಲಿ ಬರ್ದೇ ಇರೋ ಸೈಟಿಗೆ ಅದನ್ನ ತೆಗೀತೀವಿ. ಉದಾಹರಣೆಗೆ ಸೈಟು ಹೆಂಗೆ ಕಾಣ್ಬೇಕು ಅಂತ ಹೇಳೋ ಸಿಎಸ್ಎಸ್ ಕೋಡನ್ನ ಒಂದ್ರೊಳಗೊಂದು ಬರೆಯೋ ಪದ್ಧತಿ ಕ್ರೋಮ್ 112ರಲ್ಲಿ ಬಂತು, ಫೈರ್‌ಫಾಕ್ಸ್ 117ರಲ್ಲಿ ಬಂತು, ನಮ್ಮ 109ಕ್ಕೂ ಇಲ್ಲ 115ಕ್ಕೂ ಇಲ್ಲ, ಅಂಥ ಸೈಟು ಎರಡರಲ್ಲೂ ಸೊಟ್ಟಗೇ ಕಾಣ್ತಾವೆ.

ಆದ್ರೆ ಇದನ್ನೆಲ್ಲಾ ಹಾಕಿದ್ವಿ ಅಂತ ಅದ್ರಾಗೆ ಬ್ಯಾಂಕ್ ತೆಗೀಬೇಡ್ರಿ ಅಣ್ಣಾರೆ, ಕೈ ಮುಗಿದು ಕೇಳ್ತೀನಿ. ಮುಂದಿನ ಬಾಗಿಲು ಹೊಸದು ಹಾಕಿದ್ರೂ ಹಿತ್ತಲ ಗೋಡೆ ಬಿದ್ದಿದ್ದು ಬಿದ್ದಂಗೇ ಐತಿ. ದುಡ್ಡು ಕೊಡದ ನಮ್ಮಂಥೋರ ವಿಂಡೋಸಲ್ಲಿ 2020ರ ಜನವರಿ ಮೇಲೆ ಸಿಕ್ಕಿರೋ ತೂತು ಮುಚ್ಚಿಲ್ಲ, ಬ್ರೌಸರ್ರು ಅದನ್ನ ಮುಚ್ಚೋಕೆ ಆಗಲ್ಲ. ಬ್ಯಾಂಕು, ಜಿಎಸ್‌ಟಿ, ಆಧಾರ್ ಅಂತ ಏನಿದ್ರೂ ಅಪ್ಡೇಟ್ ಬರ್ತಿರೋ ಫೋನಲ್ಲೋ ಬೇರೆ ಸಿಸ್ಟಮ್ಮಲ್ಲೋ ಮಾಡ್ರಿ. ಗಿರಾಕಿ ಪೆನ್‌ಡ್ರೈವ್ ಕೊಟ್ರೂ ನೇರವಾಗಿ ಚುಚ್ಬೇಡ್ರಿ.

ಹೊಸದುರ್ಗದಿಂದ

ನಾನು ಹೈಸ್ಕೂಲ್ ಟೀಚರ್, ನಮ್ಮ ಶಾಲೆ ಲ್ಯಾಬಿನ ಕೋರ್ 2 ಡ್ಯುಯೋ ಸಿಸ್ಟಮ್ಮುಗಳಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿದೀವಿ, ಎಕ್ಸ್‌ಎಫ್‌ಸಿಇ ಅನ್ನೋ ಹಗುರದ್ದು. ವಿಂಡೋಸ್ 32 ಬಿಟ್ ಇದ್ರೂ ಆ ಪ್ರೊಸೆಸರ್ರು 64 ಬಿಟ್ಟೇ ತಮ್ಮಾ, ಇದು ಎಷ್ಟೋ ಜನಕ್ಕೆ ಗೊತ್ತಿರಲ್ಲ. ಅದಕ್ಕೇ ಇವತ್ತಿನ ಫೈರ್‌ಫಾಕ್ಸು ಇವತ್ತಿನ ಅಪ್ಡೇಟ್ ಸಮೇತ ಓಡುತ್ತೆ. ವಿಂಡೋಸನ್ನ ಅಳಿಸೋದು ಬೇಡ, ಬೇರೆ ಎಸ್ಎಸ್‌ಡಿಗೆ ಮಿಂಟ್ ಹಾಕಿ, ಹಾಕೋವಾಗ ಹಳೇ ಡಿಸ್ಕಿನ ಕೇಬಲ್ ಕಿತ್ತಿಟ್ಟಿರಿ, ಆಗ ಕೈ ತಪ್ಪಿದ್ರೂ ನಿಮ್ಮ ಫೈಲಿಗೆ ಏನೂ ಆಗಲ್ಲ. ಕನ್ನಡ ಟೈಪಿಂಗಿಗೆ ಐಬಸ್ ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕ್ಕೊಂಡ್ರೆ ನುಡಿ ಕೀಲಿಮಣೆನೇ ಕೆಜಿಪಿ ಅಂತ ಸಿಗುತ್ತೆ, ಬೆರಳಿಗೆ ಹೊಸದು ಕಲಿಸ್ಬೇಕಿಲ್ಲ. ಲಿನಕ್ಸಿಂದ ವಿಂಡೋಸ್ ಡಿಸ್ಕೂ ಕಾಣುತ್ತೆ, ಕನ್ವರ್ಟ್ ಮಾಡಿದ್ದನ್ನ ಅಲ್ಲೇ ಸೇವ್ ಮಾಡ್ಬೋದು. ವಿಂಡೋಸನ್ನ ಪೂರ್ತಿ ಶಟ್‌ಡೌನ್ ಮಾಡಿರ್ಬೇಕು ಅಷ್ಟೆ, ಹೈಬರ್ನೇಟ್ ಆಗಿದ್ರೆ ಡಿಸ್ಕಿಗೆ ಬರೆಯೋಕೆ ಬಿಡಲ್ಲ.

ಚಳ್ಳಕೆರೆಯಿಂದ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೊದ್ಲು ದುರ್ಗದ ಸಾರ್ ಹೇಳಿದ್ದು ನೋಡಿದೆ, ತಾರೀಕು 2007ರ ಜನವರಿ 1 ತೋರಿಸ್ತಿತ್ತು! ಸೆಲ್ ಹಾಕಿ ನಾಲ್ಕು ದಿನ ಆಯ್ತು, ಬೆಳಗಿನ ಆ ಎರರ್ ಮತ್ತೆ ಬಂದಿಲ್ಲ. ಎರಡೂ ಕೆಬಿ ಹಾಕಿದೆ, ಫೈರ್‌ಫಾಕ್ಸ್ ಕೂತ್ಕೊಂತು, ವಾಟ್ಸಾಪ್ ಓಡ್ತಾ ಐತೆ. ಅಕ್ಕಾ, ಲಿನಕ್ಸ್ ಮನಸ್ಸಿಗೆ ಬಂತು, ಆದ್ರೆ ಪ್ರತೀ ಕಾರ್ಡಿಗೂ ರೀಸ್ಟಾರ್ಟ್ ಮಾಡೋದು ಅಂಗಡೀಲಿ ಆಗಲ್ಲ, ಮನೇಲಿರೋ ಹಳೇ ಲ್ಯಾಪ್‌ಟಾಪಿಗೆ ಅದನ್ನ ಹಾಕ್ತೀನಿ, ಬ್ಯಾಂಕ್ ಕೆಲಸ ಅದ್ರಲ್ಲೇ. ಒಂದೇ ಒಂದು ತೊಂದ್ರೆ ಉಳಿದೈತೆ, ಕನ್ವರ್ಟ್ ಮಾಡಿದ್ದನ್ನ ನೋಟ್‌ಪ್ಯಾಡಲ್ಲಿ ಸೇವ್ ಮಾಡಿ ಪೇಜ್‌ಮೇಕರ್‌ಗೆ ತಂದ್ರೆ ಒತ್ತಕ್ಷರ ಎಲ್ಲಾ ಕಲಸು ಮೇಲೋಗರ ಆಗ್ತಾವೆ.

ದಾವಣಗೆರೆಯಿಂದ

ಸೇವ್ ಆಸ್ ಮಾಡುವಾಗ ಕೆಳಗಡೆ ಎನ್‌ಕೋಡಿಂಗ್ ಅಂತ ಐತಲ್ಲ, ಅದು ಯುಟಿಎಫ್-8 ಅಂತ ಇದ್ರೆ ಬದಲಾಯ್ಸಿ, ಹಳೇ ಥರದ ಎಎನ್‌ಎಸ್‌ಐ ಮಾಡಿ ಸೇವ್ ಮಾಡ್ರಿ. ನೋಟ್‌ಪ್ಯಾಡಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಚೆಲ್ಲಿದಂಗೆ ಕಾಣ್ತದೆ, ಗಾಬರಿ ಬೀಳ್ಬೇಡ್ರಿ, ಪೇಜ್‌ಮೇಕರ್‌ಗೆ ತಂದು ನುಡಿ ಫಾಂಟ್ ಕೊಟ್ಟ ಕೂಡ್ಲೆ ಕನ್ನಡ ಆಗ್ತದೆ. ಅರ್ಕಾವತ್ತು ಇರೋ ಪದ ಮಾತ್ರ ಒಂದೊಂದೂ ಕಣ್ಣಿಟ್ಟು ನೋಡ್ರಿ, ಸೂರ್ಯ, ಕಾರ್ಯಕ್ರಮ ಇಂಥವು, ಪ್ರಿಂಟಿಗೆ ಕೊಡೋಕೆ ಮುಂಚೆ ಮನೆಯವ್ರಿಗೆ ಒಂದ್ ಪ್ರೂಫ್ ತೋರ್ಸಿ.