‘ಮಖರ್’ ಎಂಬ ನೆಲಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಸ್ಕಾಟ್ಲೆಂಡಿನ ಪಡುವಣ ಕಡಲಲ್ಲಿರುವ ಹೆಬ್ರಿಡೀಸ್ ದ್ವೀಪಗಳ, ಅದರಲ್ಲೂ ಉತ್ತರ ಮತ್ತು ದಕ್ಷಿಣ ಯೂಯಿಸ್ಟ್ ದ್ವೀಪಗಳ ಹುಲ್ಲುನೆಲ ಮತ್ತು ದಡದ ಜೀವಿಗಳ ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಬರಹವನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಮೊದಲ ಸಾಲಿನಲ್ಲೇ ಬರುವ ಒಂದು ಪದಕ್ಕೆ ಮೂರು ವಾರಗಳಿಂದ ಸರಿಯಾದ ಕನ್ನಡ ಸಿಗದೆ ಕುಳಿತಿದ್ದೇನೆ. ಗೇಲಿಕ್ ನುಡಿಯ ಆ ಪದ ‘ಮಖರ್’. ನಡುವಿನ ಅಕ್ಷರವನ್ನು ಉರ್ದು ಬಲ್ಲವರು ‘ಖಬರ್’ ಎನ್ನುವಾಗಿನಂತೆ ಗಂಟಲಲ್ಲಿ ಉಜ್ಜಿ ಹೇಳಬೇಕು. ಮೂಲದಲ್ಲಿ ಅದಕ್ಕೆ ಬಯಲು, ತಗ್ಗಿನ ಸಮನೆಲ ಎಂದಷ್ಟೇ ಅರ್ಥವಿದ್ದು, ಐರಿಷ್ ನುಡಿಯಲ್ಲಿರುವ ಅದರ ಸೋದರ ಪದಕ್ಕೂ ಅದೇ ಅರ್ಥವಿದೆ. ಆದರೆ ದ್ವೀಪದವರ ಬಾಯಲ್ಲಿ, ಮತ್ತು ಅವರಿಂದ ಪದವನ್ನು ಎರವಲು ಪಡೆದ ಜೀವವಿಜ್ಞಾನಿಗಳ ಬರಹಗಳಲ್ಲಿ, ಅದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡುಗಳ ಪಡುವಣ ಅಂಚಿನಲ್ಲಿ ಮಾತ್ರ ಕಾಣಸಿಗುವ ಒಂದು ವಿಶಿಷ್ಟ ನೆಲದ ಹೆಸರಾಗಿದೆ.

ಆ ನೆಲ ಮರಳಿನದು, ಆದರೆ ನಾವು ಕಂಡ ಮರಳಲ್ಲ. ಗ್ಲಾಸ್ಗೋದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ಬೇಸಿಗೆಯಲ್ಲಿ ಉತ್ತರ ಯೂಯಿಸ್ಟಿಗೆ ಹೋಗಿದ್ದಾಗ ಅವಳ ಬೂಟಿನ ಅಡಿಯಲ್ಲಿ ಅಂಟಿಕೊಂಡು ಬಂದಿದ್ದ ಒಂದು ಚಮಚದಷ್ಟು ಮರಳನ್ನು ಕಾಗದದ ಮೇಲೆ ಹರಡಿ, ಭೂತಗನ್ನಡಿಯಲ್ಲಿ ನೋಡಿದೆ. ಕಾಳುಗಳೆಲ್ಲ ಚಪ್ಪಟೆ, ಕೆಲವು ಉಗುರಿನ ತುಂಡಿನಂತೆ ಬಾಗಿದವು, ಕೆಲವಕ್ಕೆ ತಿಳಿಗುಲಾಬಿ ಬಣ್ಣ, ಒಂದೆರಡರ ಮೇಲೆ ಕಪ್ಪೆಚಿಪ್ಪಿನ ಗೀರುಗಳು ಹಾಗೆಯೇ ಉಳಿದಿದ್ದವು. ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟೊಡನೆ ಬುಸುಬುಸು ನೊರೆ ಎದ್ದಿತು; ಕುಮಟೆಯ ಕಡಲತಡಿಯಿಂದ ತಂದಿಟ್ಟಿದ್ದ ಮರಳಿನ ಮೇಲೆ ಅದೇ ವಿನೆಗರ್ ಸುಮ್ಮನೆ ಇಂಗಿತು. ಯೂಯಿಸ್ಟಿನ ಮರಳಿನಲ್ಲಿ ಬಹುಪಾಲು ಚಿಪ್ಪಿನ ಪುಡಿ, ಎಂದರೆ ಸುಣ್ಣ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಇಂಥ ದಡದ ಅಂದಾಜು ಸಿಕ್ಕೀತು. ಅಟ್ಲಾಂಟಿಕ್ ಕಡಲ ಗಾಳಿ ಈ ಪುಡಿಯನ್ನು ಸಾವಿರಾರು ವರ್ಷಗಳಿಂದ ಒಳನಾಡಿಗೆ ತೂರುತ್ತಾ ಬಂದಿದೆ. ದ್ವೀಪದ ಮೂಡಣ ಭಾಗ ಹುಳಿಯೇರಿದ, ನೀರು ನಿಂತ ಪೀಟ್ ಎಂಬ ಕಪ್ಪುನೆಲ. ಅಲ್ಲಿ ಬೆಳೆ ಏಳುವುದು ಕಷ್ಟ. ಪಡುವಣದಲ್ಲಿ ಸುಣ್ಣದ ಮರಳು ಆ ಹುಳಿಯನ್ನು ತಗ್ಗಿಸಿದ್ದರಿಂದ ಹುಲ್ಲು, ಹೂವು, ಬೇಸಾಯ ಎಲ್ಲವೂ ಸಾಧ್ಯವಾಗಿವೆ.

ಈಗ ಪದದ ಮಾತಿಗೆ ಬರುತ್ತೇನೆ. ನಿಘಂಟು ತೆರೆದವರಿಗೆ ಮೊದಲು ಸಿಗುವುದು ‘ಹುಲ್ಲುಗಾವಲು’. ಈ ಪದದೊಳಗಿನ ‘ಕಾವಲು’ ನಮ್ಮಲ್ಲಿ ತುಂಬ ಗಟ್ಟಿಯಾದದ್ದು. ಅಮೃತಮಹಲ್ ಕಾವಲುಗಳಂತೆ ದನಗಳಿಗೆಂದು ಕಾಯ್ದಿರಿಸಿದ, ಉಳುಮೆಗೆ ಬಿಡದ ನೆಲವನ್ನೇ ಅದು ನೆನಪಿಗೆ ತರುತ್ತದೆ. ಮಖರ್ ಹಾಗಲ್ಲ. ಅದರ ಒಂದೊಂದು ತುಂಡನ್ನು ಎರಡು ವರ್ಷ ಮೇಲುಮೇಲಾಗಿ ಉತ್ತು, ಸಣ್ಣ ಓಟ್ಸ್, ರೈ, ಮತ್ತು ಬೇರ್ ಎಂಬ ಹಳೆಯ ತಳಿಯ ಬಾರ್ಲಿಯನ್ನು ಬಹುತೇಕ ದನದ ಮೇವಿಗಾಗಿ ಬಿತ್ತಿ, ಆಮೇಲೆ ಎರಡು ಮೂರು ವರ್ಷ ಬೀಳು ಬಿಡುತ್ತಾರೆ. ಬೇಸಿಗೆಯಲ್ಲಿ ಹೂವು ಕಿಕ್ಕಿರಿಯುವುದು ಹೀಗೆ ಬೀಳು ಬಿಟ್ಟ ತುಂಡುಗಳಲ್ಲಿ. ಬ್ರಿಟನ್ನಿನ ಬೇರೆಡೆಗಳಿಂದ ಬಹುಮಟ್ಟಿಗೆ ಮರೆಯಾಗಿರುವ ದೊಡ್ಡ ಹಳದಿ ಬಂಬಲ್‌ಬೀ ಎಂಬ ದುಂಬಿಜೇನಿಗೆ ಈ ಹೂವುಗಳೇ ಆಸರೆ. ಟಿಟ್ಟಿಭ, ಗೊರವಗಳ ಜಾತಿಯ ಹಕ್ಕಿಗಳು ನೆಲದಲ್ಲೇ ಮೊಟ್ಟೆಯಿಡುತ್ತವೆ. ನಮ್ಮ ಹುಂಡುಕೋಳಿಯ ಬಳಗಕ್ಕೆ ಸೇರಿದ ಕಾರ್ನ್‌ಕ್ರೇಕ್ ಆಫ್ರಿಕಾದಿಂದ ಬಂದು ಎತ್ತರದ ಹುಲ್ಲಿನಲ್ಲಿ ಅಡಗಿ, ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂತೆ ‘ಕ್ರೆಕ್ಸ್ ಕ್ರೆಕ್ಸ್’ ಎಂದು ರಾತ್ರಿಯಿಡೀ ಕೂಗುತ್ತದೆ. ಮರಿಗಳು ಅಂಚಿನ ಕಡೆಗೆ ಓಡಿ ಪಾರಾಗಲೆಂದು ಅಲ್ಲಿನ ರೈತರು ಹುಲ್ಲನ್ನು ತಡವಾಗಿ, ಹೊಲದ ನಡುವಿನಿಂದ ಹೊರಕ್ಕೆ ಕೊಯ್ಯುತ್ತಾರೆ. ಉಳುಮೆ ನಿಂತರೆ ಈ ಜೀವಜಾಲದ ಬಹುಪಾಲು ಉಳಿಯುವುದಿಲ್ಲ. ‘ಹುಲ್ಲುಗಾವಲು’ ಎಂದು ಬರೆದರೆ ನೇಗಿಲು ಕಣ್ಮರೆಯಾಗಿ, ಮಕ್ಕಳಿಗೆ ಅದು ಮನುಷ್ಯರಿಲ್ಲದ ಕಾಡುನೆಲವಾಗಿಯೇ ತೋರುತ್ತದೆ.

‘ಮರಳುಬಯಲು’ ಎಂದರೆ ರಾಜಸ್ಥಾನ ನೆನಪಾಗುತ್ತದೆ. ಉತ್ತರ ಕನ್ನಡದ ತೋಟಿಗರ ‘ಬೇಣ’ ನನಗೆ ಬಹಳ ಇಷ್ಟವಾಗಿತ್ತು. ಮನೆತನದ ಜಮೀನಿಗೆ ಹೊಂದಿಕೊಂಡು, ಹುಲ್ಲು ಕೊಯ್ಯಲೆಂದೂ ದನ ಬಿಡಲೆಂದೂ ಇರುವ ನೆಲವೆಂಬ ಅರ್ಥ ಹತ್ತಿರವೇ ಇದೆಯಾದರೂ, ಬೇಣಕ್ಕೆ ಗುಡ್ಡದ ಇಳಿಜಾರು ಅಂಟಿಕೊಂಡಿದೆ, ಕಡಲಿನ ವಾಸನೆ ಇಲ್ಲ.

ಇದೇ ಬರಹದಲ್ಲಿ ಇನ್ನೊಂದು ಪದವೂ ತೊಡಕಾಗಿದೆ. ಚಳಿಗಾಲದ ಬಿರುಗಾಳಿಗೆ ಕೆಲ್ಪ್ ಎಂಬ ಕಂದುಬಣ್ಣದ, ಚರ್ಮದ ಪಟ್ಟಿಯಂತಹ ಜಲಸಸ್ಯ ರಾಶಿರಾಶಿಯಾಗಿ ದಡಕ್ಕೆ ಬಂದು ಬೀಳುತ್ತದೆ. ರೈತರು ಅದನ್ನು ಹೇರಿಕೊಂಡು ಹೋಗಿ ಮಖರಿನ ಮೇಲೆ ಹರಡುತ್ತಾರೆ. ಕೊಳೆತ ಅದು ಗೊಬ್ಬರವೂ ಆಗುತ್ತದೆ, ಹಾರುವ ಮರಳನ್ನು ಹಿಡಿದಿಡುವ ಅಂಟೂ ಆಗುತ್ತದೆ. ದಡದಲ್ಲೇ ಉಳಿದ ರಾಶಿಯಲ್ಲಿ ಹುಳಹುಪ್ಪಟೆ ಹುಟ್ಟಿ ಹಕ್ಕಿಗಳಿಗೆ ಉಣಿಸು ಒದಗುತ್ತದೆ. ನಮ್ಮ ಪಠ್ಯಪುಸ್ತಕಗಳ ರೂಢಿಯಂತೆ ಇದಕ್ಕೆ ‘ಕಡಲಕಳೆ’ ಎಂದು ಬರೆದರೆ, ಗದ್ದೆಯಿಂದ ಕಿತ್ತೆಸೆಯಬೇಕಾದ ‘ಕಳೆ’ಯನ್ನೇ ಗದ್ದೆಗೆ ಹೊತ್ತು ಹಾಕುತ್ತಾರೆಂದು ಹೇಳಿದಂತಾಗುತ್ತದೆ. ‘ಕಡಲಪಾಚಿ’ ಇದಕ್ಕಿಂತ ಮೇಲು ಎಂದು ನನಗೆ ತೋರುತ್ತದೆ, ಆದರೂ ಆಳೆತ್ತರ ಮೀರಿ ಬೆಳೆಯುವ ಸಸ್ಯಕ್ಕೆ ‘ಪಾಚಿ’ ಸಣ್ಣದಾಯಿತೇ ಎಂಬ ಅಳುಕೂ ಇದೆ.

ಮಖರಿನ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಅಘನಾಶಿನಿಯ ಗಜನಿ ನೆನಪಾಗುತ್ತದೆ. ಉಪ್ಪುನೀರು ನುಗ್ಗಿ ಹೋಗುವ ಆ ಗದ್ದೆಗಳಲ್ಲಿ ಕಗ್ಗ ಭತ್ತ, ಮೀನು, ಸೀಗಡಿ, ಹಕ್ಕಿ, ರೈತ ಎಲ್ಲರಿಗೂ ಪಾಲಿದೆ. ಅದನ್ನು ಯಾರಾದರೂ ಹೊರನಾಡಿನ ಓದುಗರಿಗೆ ಬರಿದೆ ‘ಜೌಗು’ ಎಂದು ಅನುವಾದಿಸಿಕೊಟ್ಟರೆ ಕುಮಟೆಯವರು ಒಪ್ಪಲಾರರು, ನಾನೂ ಒಪ್ಪಲಾರೆ. ಗಜನಿಯನ್ನು ಗಜನಿ ಎಂದೇ ಬರೆದು, ಪಕ್ಕದಲ್ಲಿ ಎರಡು ಮಾತು ವಿವರಿಸಿ ಎನ್ನುತ್ತೇವೆ. ಆ ನ್ಯಾಯವನ್ನು ಯೂಯಿಸ್ಟಿನವರಿಗೂ ಸಲ್ಲಿಸಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಹಾಗಾಗಿ ಸದ್ಯಕ್ಕೆ ‘ಮಖರ್’ ಎಂಬ ಹೆಸರನ್ನೇ ಉಳಿಸಿಕೊಂಡು, ಮೊದಲ ಬಾರಿ ಬರುವಲ್ಲಿ ‘ಮಖರ್ ಎಂಬ ಚಿಪ್ಪುಮರಳಿನ ಬಯಲು’ ಎಂದು ಬರೆದಿದ್ದೇನೆ. ‘ಬಯಲು’ ಎಂದು ಆರಿಸಿದ್ದಕ್ಕೆ ಕಾರಣವಿದೆ: ಕರಾವಳಿಯಲ್ಲಿ ಬೈಲು ಎಂದರೆ ಬೆಳೆ ತೆಗೆಯುವ ತಗ್ಗಿನ ಗದ್ದೆ, ಒಳನಾಡಿನಲ್ಲಿ ಬಯಲು ಎಂದರೆ ತೆರೆದ ನೆಲ, ಮಖರಿಗೆ ಈ ಎರಡು ಅರ್ಥಗಳೂ ಬೇಕು.

ತಿಳಿದವರಲ್ಲಿ ಎರಡು ಕೇಳಿಕೆಗಳಿವೆ. ಕಾರವಾರದಿಂದ ಉಳ್ಳಾಲದವರೆಗಿನ ಮೀನುಗಾರರ ಮನೆಮಾತುಗಳಲ್ಲಿ, ಮರಳುದಿಬ್ಬದ ಹಿಂಬದಿಗಿರುವ ಹುಲ್ಲಿನ ಸಮತಟ್ಟು ನೆಲಕ್ಕೆ ಪ್ರತ್ಯೇಕ ಹೆಸರು ಇದೆಯೇ? ಬಿರುಗಾಳಿಯ ಮರುದಿನ ದಡಕ್ಕೆ ಬಂದು ಬೀಳುವ ಸಸ್ಯರಾಶಿಯನ್ನು ಅವರು ಏನೆಂದು ಕರೆಯುತ್ತಾರೆ, ಮತ್ತು ಅದನ್ನು ತೆಂಗಿನ ಬುಡಕ್ಕೆ ಹಾಕುವ ವಾಡಿಕೆಯಿದ್ದರೆ ಆ ಗೊಬ್ಬರಕ್ಕೆ ಬೇರೆ ಹೆಸರುಂಟೇ? ಕೇಳಿದ ಪದವನ್ನು ಊರಿನ ಹೆಸರಿನೊಡನೆ, ಅಲ್ಲಿಯವರು ಉಚ್ಚರಿಸುವಂತೆಯೇ ಬರೆದು ತಿಳಿಸಬೇಕಾಗಿ ಕೋರುತ್ತೇನೆ.